ಬಚ್ಚಮ್ಮತ್ತೆಯ ಕಿವಿಗೊಂದು ಆಂಪ್ಲಿಫೈಯರ್

ಕಾರ್ತಿಕದ ಚಳಿ ಬಿದ್ದು, ಹುಳುಮನೆಯ ಕಿಟಕಿಗಳಿಗೆ ಗೋಣಿ ಕಟ್ಟುವ ಕಾಲ. ನಮ್ಮ ರೇಷ್ಮೆ ಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ, ಹಳೆಯ ಚರ್ಮ ಕಳಚಿದ ಮೇಲೆಯೇ ಏಳುವುದು. ಸಾಕುವವನಿಗೆ ಸಿಗುವ ಬಿಡುವೆಂದರೆ ಅದೇ. ನಾನು ಖಾಲಿ ತಟ್ಟೆಗಳನ್ನು ಅಂಗಳಕ್ಕೆ ತಂದು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದೆ. ನನ್ನ ಹೆಂಡತಿ ಸೊಣ್ಣಮ್ಮ ಹುಳುಮನೆ ಬೆಚ್ಚಗಿರಲೆಂದು ಬಾಣಲೆಯ ಕೆಂಡಕ್ಕೆ ಇದ್ದಿಲು ಹಾಕುತ್ತಿದ್ದಳು. ಆಗ ಗೋಡೆಯಾಚೆಯಿಂದ ಪಕ್ಕದ ಮನೆಯ ಬಚ್ಚಮ್ಮತ್ತೆಯ ದನಿ ಬಂತು.

"ಪಿಳ್ಳಪ್ಪಾ, ನಿನ್ನ ಗಡಿಯಾರ ಬಡ್ಕೊಂತಾ ಐತೆ. ಅದರ ಕತ್ತು ನೀನು ಹಿಸುಕ್ತೀಯೋ, ನಾನೇ ಬಂದು ಹಿಸುಕ್ಲೋ?"

ಒಳಗೆ ಓಡಿ ನೋಡಿದರೆ ಗೋಡೆಗೂಡಿನಲ್ಲಿಟ್ಟ ಅಲಾರಂ ಗಡಿಯಾರ ಮೈಯೆಲ್ಲ ನಡುಗಿಸಿಕೊಂಡು ಕುಣಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ಅದರ ಸದ್ದೆಲ್ಲ ಬಚ್ಚಮ್ಮತ್ತೆಯ ಮನೆಯಲ್ಲಿತ್ತು.

ನಮ್ಮೂರಿಗೆ ಇರುವುದು ಒಂದೇ ಉದ್ದನೆಯ ಬೀದಿ, ಪಡುವಲಿಂದ ಮೂಡಲಿಗೆ. ಮನುಷ್ಯರ ಮಾತು, ದನದ ಕೂಗು, ಒನಕೆಯ ಪೆಟ್ಟು ಇವೆಲ್ಲ ಆದ ಕಡೆಯಿಂದಲೇ ಕೇಳುತ್ತವೆ. ಯಂತ್ರದ ಸದ್ದು ಮಾತ್ರ ಮಾಡಿದ ಮನೆಯಲ್ಲಿ ಕೇಳುವುದಿಲ್ಲ, ಮೂಡಲ ಪಕ್ಕದ ಮನೆಯಲ್ಲಿ ಕೇಳುತ್ತದೆ. ಹೀಗಾಗಿ ಗಡಿಯಾರ ನನ್ನದು, ಎಚ್ಚರವಾಗುವುದು ಬಚ್ಚಮ್ಮತ್ತೆಗೆ, ಅವಳು ಗೋಡೆ ಗುದ್ದಿದ ಮೇಲೆ ನನಗೆ. ಹೆಣ್ಣು ಕೊಡಲು ಬಂದವರು ಗಂಡಿನ ಹೊಲ ಮನೆ ವಿಚಾರಿಸುವ ಮೊದಲು ಪಡುವಲ ಮನೆಯವರು ಏನೇನು ಇಟ್ಟುಕೊಂಡಿದ್ದಾರೆ ಎಂದು ಕೇಳುತ್ತಾರೆ. ಬೀದಿಯ ಮೂಡಲ ತುದಿಯ ಮನೆಯ ಸದ್ದು ಕೆರೆಯಂಗಳಕ್ಕೆ ಬೀಳುತ್ತದೆ. ಆ ಮನೆಯ ರೇಡಿಯೋದ ಕೃಷಿ ಸಲಹೆಗಳನ್ನೆಲ್ಲ ನೀರಲ್ಲಿ ಮಲಗಿದ ಎಮ್ಮೆಗಳೇ ಕೇಳಿಕೊಂಡು ಬಂದಿವೆ.

ನನ್ನ ಪಡುವಲಿಗೆ ಹೋಟ್ಲು ಕೋನಪ್ಪ. ಅವನ ಗ್ರೈಂಡರು ಉದ್ದಿನಬೇಳೆ ರುಬ್ಬುವುದು ಅವನ ಮನೆಯಲ್ಲಿ, ಗುರುಗುಟ್ಟುವುದು ನನ್ನ ನಡುಮನೆಯಲ್ಲಿ. ನನ್ನ ಮೂಡಲಿಗೆ ಬಚ್ಚಮ್ಮತ್ತೆ ಮತ್ತು ಅವಳ ಗಂಡ ನಾರಾಯಣಪ್ಪ ಮಾವ. ಅವರ ಪಾಲಿಗೆ ನನ್ನ ಸೊಪ್ಪು ಕತ್ತರಿಸುವ ಯಂತ್ರ. ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಮರಿಹುಳುಗಳಿಗೆ ಹಾಕಬೇಕು. ಅದಕ್ಕೆ ಮೋಟರಿನ ಯಂತ್ರ ತಂದವನು ಬೀದಿಯಲ್ಲಿ ನಾನೊಬ್ಬನೇ. ತಂದು ಬಹಳ ವರ್ಷವಾಯಿತು. ನನಗಂತೂ ಅದು ಬಹಳ ಸಾಧು ಯಂತ್ರ. ಚಕ್ರ ತಿರುಗುತ್ತದೆ, ಸೊಪ್ಪು ಉದುರುತ್ತದೆ, ಚಕಾರ ಎತ್ತುವುದಿಲ್ಲ.

ಇಂಥ ಊರಲ್ಲಿ ಜನ ಹೊಡೆದಾಡದೆ ಬಾಳಬೇಕಾದರೆ ಒಂದು ಕಟ್ಟುಪಾಡು ಬೇಕು. ಅದಕ್ಕೆ ಸದ್ದಿನ ಋಣ ಅನ್ನುತ್ತೇವೆ. ವರ್ಷವೆಲ್ಲ ಮೂಡಲ ಮನೆಗೆ ಗಲಾಟೆ ಕಳಿಸಿದವನು ಕಾರ್ತಿಕ ಹುಣ್ಣಿಮೆಯ ಸಂಜೆ ಒಳ್ಳೆಯ ಸದ್ದು ಕಳಿಸಿ ಋಣ ತೀರಿಸಬೇಕು. ರೇಡಿಯೋ ಆಗಲಿ, ಹಾಡಿನ ಪ್ಲೇಟಾಗಲಿ, ಕೇಳಿದವರಿಗೆ ಹಿತವಾಗಬೇಕು. ಹಿತವಾದರೆ ಅವರು ಹೊಸ್ತಿಲಿಗೆ ಬಂದು ಬೀದಿಗೆಲ್ಲ ಕೇಳುವಂತೆ 'ತೀರಿತು' ಅನ್ನುತ್ತಾರೆ. ಅನ್ನುವವರೆಗೂ ಸಾಲಗಾರ ಹಳೆಯ ಯಂತ್ರ ಓಡಿಸಬಹುದು, ಹೊಸದನ್ನು ಹೂಡುವಂತಿಲ್ಲ. ಆ ಮನೆಯ ಹೊಸ್ತಿಲು ದಾಟಿ ಕೂರುವಂತೆಯೂ ಇಲ್ಲ. ಕೋನಪ್ಪನಿಗೆ ನಾನು ಪ್ರತಿ ವರ್ಷ ಸುಮ್ಮನೆ 'ತೀರಿತು' ಅಂದುಬಿಡುತ್ತೇನೆ. ಅವನ ಇಡ್ಲಿ ಚೆನ್ನಾಗಿರುತ್ತದೆ.

ಬಚ್ಚಮ್ಮತ್ತೆ ಹಾಗಲ್ಲ. ಅವಳು ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವರಲ್ಲಿ ಮೊದಲ ದನಿ. ಹಿಂದೆ ಹೇಳುವವರಲ್ಲಿ ಯಾರಾದರೂ ಎಳೆಯಷ್ಟು ತಪ್ಪಿದರೂ ತಿರುಗಿ ನೋಡುತ್ತಾಳೆ. ಆ ನೋಟಕ್ಕೆ ಎಷ್ಟೋ ಹೆಂಗಸರು ಸೋಬಾನೆಯನ್ನೇ ಬಿಟ್ಟಿದ್ದಾರೆ. ನನ್ನ ಪುಟ್ಟ ರೇಡಿಯೋದಲ್ಲಿ ನಾನು ಎಂಥ ಹಾಡು ಹಾಕಿದರೂ ಹುಣ್ಣಿಮೆಯ ಸಂಜೆ ಹೊಸ್ತಿಲಿಗೆ ಬಂದು, "ಡಬ್ಬದಾಗೆ ಕಲ್ಲು ಹಾಕಿ ಅಲ್ಲಾಡಿಸ್ದಂಗೈತೆ. ಮುಂದಿನ ವರ್ಷ ನೋಡಾಣ" ಅಂದು ಒಳಗೆ ಹೋಗುತ್ತಿದ್ದಳು.

ಈ ವರ್ಷ ನನಗೆ ಮುಂದಿನ ವರ್ಷದವರೆಗೆ ಕಾಯಲು ಆಗುತ್ತಿರಲಿಲ್ಲ. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಯಂತ್ರವೊಂದನ್ನು ತಂದು ಹಜಾರದಲ್ಲಿ ಗೋಣಿ ಹೊದಿಸಿ ಇಟ್ಟಿದ್ದೆ. ಗೂಡನ್ನು ಮಾರುಕಟ್ಟೆಗೆ ಹೊತ್ತು ಹಾಕಿ ದಲ್ಲಾಳಿಯ ಮುಖ ನೋಡುವುದರ ಬದಲು ನಮ್ಮ ನೂಲು ನಾವೇ ತೆಗೆಯಬೇಕೆಂಬುದು ನನ್ನ ಮತ್ತು ಸೊಣ್ಣಮ್ಮನ ಬಹು ದಿನದ ಆಸೆ. ತೋಟಕ್ಕೆ ಕರೆಂಟಿಲ್ಲ, ಹೂಡಿದರೆ ಮನೆಯಲ್ಲೇ ಹೂಡಬೇಕು. ಹೂಡಬೇಕಾದರೆ ಬಚ್ಚಮ್ಮತ್ತೆಯ ಬಾಯಿಂದ ಆ ಒಂದು ಮಾತು ಬರಬೇಕು.

"ಏನ್ ಮಾಡಿದ್ರೆ ತೀರಿತು ಅಂತೀಯ ಹೇಳು ಅತ್ತೆ" ಎಂದು ಗೋಡೆಯ ಮೇಲಿಂದ ಕೇಳಿದ್ದೆ.

"ನಮ್ಮಪ್ಪನ ಮನೇಲಿ ಒಂದು ರೇಡಿಯೋ ಇತ್ತು. ಒಳಗೆ ದೀಪ ಉರೀತಿತ್ತು. ಹಾಕಿದ ತಕ್ಷಣ ಮಾತಾಡ್ತಿರ್ಲಿಲ್ಲ, ಕಾಯಿಸ್ತಿತ್ತು, ಆಮೇಲೆ ಶುರುವಾಗ್ತಿತ್ತು. ಆ ದನಿ ತಂದುಕೊಡು, ಅಂತೀನಿ."

ದೀಪ ಉರಿಯುವ ಆ ಜಾತಿಯೇ ವಾಲ್ವ್ ಆಂಪ್ಲಿಫೈಯರ್ ಎಂದು ತಿಳಿದದ್ದು ಪೇಟೆಯಲ್ಲಿ ಸೌಂಡ್ ಅಂಗಡಿ ಇಟ್ಟಿರುವ ಅರುಳಪ್ಪನವರಿಂದ. ಸ್ಪೀಕರನ್ನು ನಾನು ಅದಕ್ಕೆ ಮೊದಲೇ ಸಂಪಾದಿಸಿದ್ದೆ. ಮುಚ್ಚಿಹೋದ ಟೆಂಟ್ ಸಿನಿಮಾದವರು ಬಿಟ್ಟುಹೋದ ಜೋಡಿ, ಒಂದೊಂದೂ ರಾಗಿ ತುಂಬಿಡುವ ಪಣತದಷ್ಟು ಗಾತ್ರ, ಮೇಲೆ ತುತ್ತೂರಿ. ನಮ್ಮೂರಲ್ಲಿ ಯಾರೂ ಸ್ಪೀಕರನ್ನು ಕೇಳಿ ಕೊಳ್ಳುವುದಿಲ್ಲ, ಕೊಂಡವನಿಗೆ ಅದು ಹೇಗೂ ಕೇಳುವುದಿಲ್ಲವಲ್ಲ. ಕುಂಬಳಕಾಯಿ ಕೊಂಡಂತೆ ಎತ್ತಿ ನೋಡಿ, ತಟ್ಟಿ ನೋಡಿ ಕೊಳ್ಳುತ್ತೇವೆ. ನಾನೂ ಹಾಗೇ ಕೊಂಡಿದ್ದೆ. ಅವಕ್ಕೆ ಸರಿಹೊಂದುವ ಆಂಪ್ಲಿಫೈಯರ್ ಆರಿಸಲು ಹುಣ್ಣಿಮೆಯ ಹಿಂದಿನ ದಿನ, ಹುಳು ಜ್ವರಕ್ಕೆ ಕೂತ ಬಿಡುವಿನಲ್ಲಿ, ಬಂದು ಹೋಗಿ ಎಂದು ಅರುಳಪ್ಪನವರಿಗೆ ಹೇಳಿಕಳಿಸಿದ್ದೆ.

ಅವರು ಬಾಡಿಗೆ ಗಾಡಿಯಲ್ಲಿ ಮೂರು ಪೆಟ್ಟಿಗೆಗಳನ್ನೂ ಹಾಡಿನ ಪ್ಲೇಟು ತಿರುಗಿಸುವ ಒಂದು ಪ್ಲೇಯರನ್ನೂ ಹೇರಿಕೊಂಡು ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸ್ಕ್ರೂ ಡ್ರೈವರು. ಸ್ಪೀಕರುಗಳನ್ನು ನೋಡಿ ಬಾಯಿ ಚಪ್ಪರಿಸಿದರು.

"ಸಾರ್, ಇವು ಸಿನಿಮಾದವು. ಇವುಗಳ ಕಿವೀಲಿ ಪಿಸುಗುಟ್ಟಿದ್ರೂ ಸಾಕು, ಕೂಗಿ ಹೇಳ್ತವೆ. ಆದ್ರೂ ಮೊದ್ಲು ನಮ್ಮ ಹೊಸ ಸೆಟ್ಟು ತೋರಿಸ್ಬಿಡ್ತೀನಿ. ವಾಲ್ವ್ ಅಲ್ಲ, ಇನ್ನೂರು ವ್ಯಾಟು."

"ಅರುಳಪ್ಪನೋರೆ, ಒಂದು ವಿಷಯ. ನಿಮ್ಗೆ ಇಲ್ಲಿ ಏನೂ ಕೇಳಿಸಲ್ಲ."

"ನನ್ನ ಕಿವಿ ಸರಿಯಾಗೇ ಇದೆ ಸಾರ್" ಎಂದು ಅವರು ನಗುತ್ತ ತಂತಿ ಸಿಕ್ಕಿಸಿದರು. ಪ್ಲೇಯರಿನ ಮೇಲೆ ಹೆಣ್ಣುಮಗಳೊಬ್ಬಳ ಹಳೆಯ ಹಾಡಿನ ಪ್ಲೇಟು ಇಟ್ಟು ಮುಳ್ಳು ಬಿಟ್ಟರು. ಮನೆ ಮೌನವಾಗಿತ್ತು. ಗುಂಡಿಯನ್ನು ಸ್ವಲ್ಪ ತಿರುಗಿಸಿದರು. ಇನ್ನೂ ಸ್ವಲ್ಪ ತಿರುಗಿಸಿದರು. ಹಿಂದೆ ಹೋಗಿ ತಂತಿ ಅಲ್ಲಾಡಿಸಿದರು. "ನಿಮ್ಮ ಸ್ಪೀಕರು ಸತ್ತಿದೆ ಸಾರ್" ಅಂದರು. ನಾನು "ಬೇಡಿ, ಬೇಡಿ" ಅನ್ನುತ್ತ ಕೈ ಹಿಡಿಯುವಷ್ಟರಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟರು.

ಪಕ್ಕದ ಮನೆಯಿಂದ ಮೊದಲು ಹಸು ಹೊರಗೆ ಬಂತು, ಗೂಟವನ್ನೂ ಕಿತ್ತುಕೊಂಡು. ಅದರ ಹಿಂದೆ ಎರಡು ಕೋಳಿ. ಆಮೇಲೆ ಬಚ್ಚಮ್ಮತ್ತೆ, ಕೈಯಲ್ಲಿ ಮುದ್ದೆ ಕೋಲು.

"ಯಾವನೋ ಅವನು! ನನ್ನ ಮನೇನ ಬಯಲು ಮಾಡೋಕೆ ಬಂದವನು ಯಾವನು? ಪಿಳ್ಳಪ್ಪಾ, ಹೆಂಚು ಇಳೀತಾವೆ ಕಣೋ!"

ಹಿಂದೆಯೇ ನಾರಾಯಣಪ್ಪ ಮಾವ ನಗುತ್ತ ಬಂದ. ಅವನಿಗೆ ಕಿವಿ ಮಂದ. "ಹಾಡು ಚೆನ್ನಾಗೈತೆ" ಅಂದ.

ಅರುಳಪ್ಪನವರು ತಬ್ಬಿಬ್ಬಾದರು. ಕ್ಷಮೆ ಕೇಳಲು ಬಚ್ಚಮ್ಮತ್ತೆಯ ಹಿಂದೆ ಅವಳ ಮನೆಯೊಳಗೆ ಹೋದವರು ಹೊರಗೆ ಬಂದಾಗ ಮುಖ ಬಿಳಿಚಿತ್ತು. ನನ್ನ ಮನೆಯ ಬಾಗಿಲಲ್ಲಿ ನಿಂತು ಒಳಗೆ ಕಿವಿಗೊಟ್ಟರು. ಮತ್ತೆ ಆ ಮನೆಗೆ ಹೋದರು. ಮತ್ತೆ ಬಂದರು. ಪ್ಲೇಟು ಮುಗಿಯುವವರೆಗೂ ಹೀಗೆ ಓಡಾಡಿ, ಕೊನೆಗೆ ಜಗುಲಿಯ ಮೇಲೆ ಕೂತು ಸೊಣ್ಣಮ್ಮ ಕೊಟ್ಟ ನೀರು ಕುಡಿದರು. ವ್ಯಾಪಾರಸ್ಥ ಮನುಷ್ಯ, ಬೇಗ ಚೇತರಿಸಿಕೊಂಡರು.

"ಹಾಗಾದ್ರೆ ಸಾರ್, ಗಿರಾಕಿ ನೀವಲ್ಲ. ಆ ತಾಯಿ."

"ಅದನ್ನೇ ಹೇಳ್ತಿದ್ದೆ."

ಎರಡನೆಯದು ವಾಲ್ವ್ ಸೆಟ್ಟು, ಇಬ್ಬರು ಹೊರುವಂಥದ್ದು. ಗಾಜಿನ ವಾಲ್ವುಗಳು ಸಾಲಾಗಿ ನಿಂತು ಮೆಲ್ಲಗೆ ಕೆಂಪಾದವು. ಸೊಣ್ಣಮ್ಮ ಕೆಂಡದ ಬಾಣಲೆ ಹಿಡಿದು ಬಾಗಿಲಲ್ಲಿ ನಿಂತು, "ಇದನ್ನ ಹುಳುಮನೇಲಿಟ್ರೆ ಇದ್ದಿಲು ಉಳೀತದೆ" ಅಂದಳು. ಅರುಳಪ್ಪನವರು ಮುಳ್ಳು ಬಿಟ್ಟರು. ತಕ್ಷಣ ನಡುಮನೆಯಲ್ಲಿ ಗುರ್ ಎಂದು ಸದ್ದೆದ್ದಿತು.

"ನೋಡಿದ್ರಾ, ಹಮ್ಮಿಂಗು! ಇದು ಯಾವುದೋ ವಾಲ್ವು ಕೆಟ್ಟಿರೋದು" ಎಂದು ಅವರು ಉತ್ಸಾಹದಿಂದ ಎದ್ದರು.

"ಅದು ಕೋನಪ್ಪನ ಉದ್ದಿನಬೇಳೆ ಅರುಳಪ್ಪನೋರೆ."

ಅವರು ಕೇಳಿಸಿಕೊಳ್ಳಲಿಲ್ಲ. ಸ್ವಿಚ್ಚು ಆರಿಸಿದರು, ಸದ್ದು ನಿಲ್ಲಲಿಲ್ಲ. ವಾಲ್ವು ಕಿತ್ತರು, ನಿಲ್ಲಲಿಲ್ಲ. ಗೋಡೆಯಿಂದ ತಂತಿಯನ್ನೇ ಎಳೆದುಹಾಕಿದರು, ಕರೆಂಟೇ ಇಲ್ಲದ ಪೆಟ್ಟಿಗೆ ಗುರುಗುಟ್ಟುತ್ತಲೇ ಇತ್ತು. ಅವರ ಹಣೆಯಲ್ಲಿ ಬೆವರೊಡೆಯಿತು. ಸಿಟ್ಟಿನಿಂದ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಏಟು ಕೊಟ್ಟರು. ಅದೇ ಹೊತ್ತಿಗೆ ಕೋನಪ್ಪನ ಹಿಟ್ಟು ನುಣ್ಣಗಾಗಿರಬೇಕು, ಸದ್ದು ನಿಂತಿತು. ಅರುಳಪ್ಪನವರು ಕೈಯೊರೆಸಿಕೊಂಡು, "ಲೂಸ್ ಕಾಂಟ್ಯಾಕ್ಟು" ಅಂದರು. ನಾನು ವಾದಿಸಲಿಲ್ಲ.

ಮತ್ತೆ ಎಲ್ಲ ಜೋಡಿಸಿ ಹಾಡು ಬಿಟ್ಟಾಗ ಬಚ್ಚಮ್ಮತ್ತೆ ಗೋಡೆಯ ಮೇಲೆ ತಲೆ ತೋರಿಸಿದಳು. "ದನಿ ವಾಸಿ. ಆದ್ರೆ ಹಾಡೋಳು ಒಂದು ಕಾಲು ನನ್ನ ಗೋದಲೀಲಿ ಇಟ್ಟವಳೆ, ಇನ್ನೊಂದು ಕಾಲು ದೇವರ ಗೂಡಲ್ಲಿ."

ನಮ್ಮ ಎರಡೂ ಮನೆಗಳು ಒಂದೇ ಅಳತೆಯವು. ಇಲ್ಲಿ ಸ್ಪೀಕರು ಎಲ್ಲಿದೆಯೋ ಅಲ್ಲಿ ಅದೇ ಜಾಗದಲ್ಲಿ ಸದ್ದು ಬರುತ್ತದೆ. ನಾನು ಅಕ್ಕಿ ಮೂಟೆ ಇಡುವ ಮೂಲೆಯಲ್ಲಿ ಅವಳು ಹಸು ಕಟ್ಟುತ್ತಾಳೆ. ಆ ಪಣತದಂಥ ಸ್ಪೀಕರುಗಳನ್ನು ನಾನೂ ಅರುಳಪ್ಪನವರೂ ಹೊತ್ತುಕೊಂಡು ಮನೆಯೆಲ್ಲ ಸುತ್ತಿದೆವು. "ಇನ್ನೂ ಈಚೆಗೆ... ಆ, ಈಗ ಒಲೆ ಮೇಲೆ ಬಂತು... ಈಗ ನಿಮ್ಮ ಮಾವನ ತೊಡೆ ಮೇಲೆ ಕೂತವಳೆ, ಎಬ್ಬಿಸು ಅವಳನ್ನ!" ಎಂದು ಬಚ್ಚಮ್ಮತ್ತೆ ಆಚೆಯಿಂದ ಕೂಗುತ್ತಿದ್ದಳು. ಕೊನೆಗೆ ಒಂದು ಸ್ಪೀಕರು ನಮ್ಮ ಬಚ್ಚಲ ಬಾಗಿಲಿಗೆ ಅಡ್ಡವಾಗಿ, ಇನ್ನೊಂದು ನಮ್ಮ ಹಾಸಿಗೆಯ ಮೇಲೆ ನಿಂತಾಗ, ಅವಳ ನಡುಮನೆಯಲ್ಲಿ ಹಾಡುವವಳು ಸರಿಯಾಗಿ ನೆಟ್ಟಗೆ ನಿಂತಳು.

"ಈಗ ಇನ್ನೊಂದು ಕೇಳಿಸ್ತೈತೆ" ಅಂದಳು ಬಚ್ಚಮ್ಮತ್ತೆ. "ಹಾಡಿನ ಹಿಂದೆ ಜೇನುಹುಳ ಕೂತಂಗೆ. ಹಾಡು ನಿಂತ್ರೂ ಅದು ನಿಲ್ಲಲ್ಲ."

ಅರುಳಪ್ಪನವರು ಈ ಸಲ ವಾದಿಸದೆ ಅವಳ ಮನೆಗೆ ಹೋಗಿ ಕೇಳಿಬಂದರು. "ಆ ತಾಯಿ ಹೇಳೋದು ನಿಜ. ದೊಡ್ಡ ಸೆಟ್ಟಿನ ಉಸಿರನ್ನೂ ಈ ಸ್ಪೀಕರು ಕೂಗಿ ಹೇಳ್ತಿದೆ. ಇದಕ್ಕೆ ಸಣ್ಣದೇ ಸರಿ." ಹಾಗೆಂದು ಮೂರನೆಯ ಪೆಟ್ಟಿಗೆ ಬಿಚ್ಚಿದರು. ಅದರೊಳಗಿದ್ದದ್ದು ಮಸಾಲೆ ಡಬ್ಬಿಗಿಂತ ಅಷ್ಟೇನೂ ದೊಡ್ಡದಲ್ಲದ ಸೆಟ್ಟು, ಮೇಲೆ ಎರಡೇ ಎರಡು ದೊಡ್ಡ ವಾಲ್ವು, ಎಂಟು ವ್ಯಾಟು. ನನಗೆ ನಿರಾಸೆಯಾಯಿತು. ಅಷ್ಟು ವರ್ಷದ ಋಣವನ್ನು ಇಷ್ಟು ಪುಟ್ಟದರಲ್ಲಿ ತೀರಿಸುವುದು ಅವಮಾನದಂತೆ ಕಂಡಿತು.

ಹಾಡು ಬಿಟ್ಟೆವು. ಬಚ್ಚಮ್ಮತ್ತೆ ಗೋಡೆಯ ಮೇಲೆ ಬಂದಳು.

"ಜೇನುಹುಳ ಹೋಯ್ತು. ಆದ್ರೆ ಹಾಡೋಳು ಬಾಯಿಗೆ ಸೆರಗು ಹಿಡ್ಕೊಂಡವಳೆ. ಯಾರಿಗೋ ನಾಚ್ಕೊಂಡಂಗೆ."

ಅರುಳಪ್ಪನವರು ಬಗ್ಗಿ ಸ್ಪೀಕರಿನ ಬೆನ್ನಿನ ಧೂಳು ಒರೆಸಿದರು. ತುಕ್ಕು ಹಿಡಿದ ತಗಡಿನ ಮೇಲೆ ಹದಿನಾರು ಓಮ್ ಎಂದಿತ್ತು. "ಅಯ್ಯೋ, ನಾನು ಮನೆ ಸ್ಪೀಕರು ಅಂದ್ಕೊಂಡು ಎಂಟು ಓಮಿನ ತಿರುಪಿಗೆ ಕೊಟ್ಟಿದೀನಿ" ಎಂದು, ಸೆಟ್ಟಿನ ಹಿಂದೆ ಸಾಲಾಗಿದ್ದ ತಿರುಪುಗಳಲ್ಲಿ ಒಂದರಿಂದ ತಂತಿ ಬಿಡಿಸಿ ಪಕ್ಕದ ಹದಿನಾರಕ್ಕೆ ಸುತ್ತಿದರು. ಮುಳ್ಳು ಮತ್ತೆ ಬಿಟ್ಟರು.

ನಾವು ಮೂವರೂ ಮೌನವಾಗಿ ತಿರುಗುತ್ತಿದ್ದ ಪ್ಲೇಟನ್ನು ನೋಡುತ್ತ ನಿಂತೆವು. ಗೋಡೆಯ ಮೇಲೆ ಯಾರೂ ಬರಲಿಲ್ಲ. ಪ್ಲೇಟು ಮುಗಿಯಿತು. ಬಚ್ಚಮ್ಮತ್ತೆಯ ದನಿ ಮಾತ್ರ ಬಂತು, ಅದೂ ಮೆತ್ತಗೆ. "ಇನ್ನೊಂದ್ ಸಲ ಹಾಕಪ್ಪ."

ಅರುಳಪ್ಪನವರು ಸೆಟ್ಟು, ಪ್ಲೇಯರು, ಪ್ಲೇಟು ಮೂರರ ದುಡ್ಡೂ ಎಣಿಸಿಕೊಂಡು ನನ್ನ ಕೈ ಕುಲುಕಿದರು.

ಮಾರನೆಯ ದಿನ ಹುಣ್ಣಿಮೆ. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಜ್ವರ ಬಿಟ್ಟು ಏಳತೊಡಗಿದವು. ಸಂಜೆ ಬೀದಿಯಲ್ಲಿ ಹೊಸ್ತಿಲು ಹೊಸ್ತಿಲಿಗೂ ದೀಪವಿಟ್ಟರು. ನಾನು ಸ್ನಾನ ಮಾಡಿ ಸೆಟ್ಟಿನ ಸ್ವಿಚ್ಚು ಹಾಕಿ, ವಾಲ್ವು ಕೆಂಪಾಗುವವರೆಗೆ ಕಾದು, ಮುಳ್ಳು ಬಿಟ್ಟು ಜಗುಲಿಗೆ ಬಂದೆ. ಕೋನಪ್ಪನೂ ನಾಲ್ಕಾರು ಮನೆಯವರೂ ಬಚ್ಚಮ್ಮತ್ತೆಯ ಬಾಗಿಲ ಮುಂದೆ ನಿಂತು ಕೇಳುತ್ತಿದ್ದರು. ಹಾಡು ಮುಗಿದು ಬಚ್ಚಮ್ಮತ್ತೆ ಹೊಸ್ತಿಲಿಗೆ ಬಂದಳು. ಒಗೆದ ಸೀರೆ ಉಟ್ಟಿದ್ದಳು, ಕಣ್ಣು ಒದ್ದೆಯಾಗಿತ್ತು.

"ತೀರಿತು" ಅಂದಳು. ಇಡೀ ಬೀದಿಗೆ ಕೇಳಿಸಿತು.

ಕೋನಪ್ಪ ನನ್ನ ಬೆನ್ನು ತಟ್ಟಿದ. ಸೊಣ್ಣಮ್ಮ ಹಜಾರಕ್ಕೆ ಓಡಿ ನೂಲಿನ ಯಂತ್ರದ ಗೋಣಿಯನ್ನು ಆಗಲೇ ಕಿತ್ತೆಸೆದಳು.

"ಇನ್ನೇನು, ಬಾರಪ್ಪ ಒಳಕ್ಕೆ" ಎಂದಳು ಬಚ್ಚಮ್ಮತ್ತೆ. "ಪಕ್ಕದ ಮನೇಲಿದ್ದೂ ನೀನು ನಮ್ಮನೇಲಿ ಕೂತು ಎಷ್ಟು ಕಾಲ ಆಯ್ತು. ನೀನು ತಂದಿರೋದನ್ನ ನೀನೂ ಕೇಳು."

ನಾನು ಹೊಸ್ತಿಲು ದಾಟಿ ಒಳಗೆ ಹೋಗಿ ನಾರಾಯಣಪ್ಪ ಮಾವನ ಪಕ್ಕ ಚಾಪೆಯ ಮೇಲೆ ಕೂತೆ. ಬಚ್ಚಮ್ಮತ್ತೆ ಕಡಲೆಬೇಳೆ ಪಾಯಸ ಕೊಟ್ಟಳು. ಅಲ್ಲಿಂದ ಸೊಣ್ಣಮ್ಮನಿಗೆ ಕೂಗಿ ಪ್ಲೇಟು ಹಾಕಿಸಿದೆವು. ಹಾಡು ಬಂತು. ಹಾಡುವವಳು ಒಲೆಗೂ ಕಂಬಕ್ಕೂ ನಡುವೆ, ಕೈಚಾಚಿದರೆ ಸಿಗುವ ಹಾಗೆ ನಿಂತು, ಪಕ್ಕದ ಮನೆಯಿಂದ ಹೆಪ್ಪು ಕೇಳಲು ಬಂದವಳ ಹಾಗೆ ಸಲೀಸಾಗಿ ಹಾಡಿದಳು. ಅವಳು ಉಸಿರು ಎಳೆದುಕೊಂಡದ್ದು ಕೂಡ ಕೇಳಿತು. ಬಚ್ಚಮ್ಮತ್ತೆ ಕಂಬಕ್ಕೆ ಒರಗಿ, "ಇಂಥ ದನಿ ಜೊತೆಗಿದ್ದಿದ್ರೆ ನಾನು ಯಾರನ್ನೂ ತಿರುಗಿ ನೋಡ್ತಿರ್ಲಿಲ್ಲ. ನಮ್ಮ ಅಪ್ಪಯ್ಯ..." ಎಂದು ಏನೋ ಹೇಳಲು ಶುರುಮಾಡಿದಳು.

ಪ್ಲೇಟು ಮುಗಿದಿತ್ತು. ಹುಳು ಹಸಿದಿದ್ದವು. ನಾನು ಅತ್ತೆಯ ಮನೆಯಲ್ಲಿದ್ದೆನಲ್ಲ, ಸೊಣ್ಣಮ್ಮ ತಾನೇ ಸೊಪ್ಪಿನ ಯಂತ್ರದ ಸ್ವಿಚ್ಚು ಹಾಕಿದಳು.

ಅದನ್ನು ಸದ್ದು ಅನ್ನಲಾರೆ. ತಗಡಿನ ಚಾವಣಿಯನ್ನು ಯಾರೋ ಬಂಡೆಯ ಮೇಲೆ ಎಳೆದುಕೊಂಡು ನೇರ ನನ್ನ ತಲೆಯೊಳಗೆ ಬಂದ ಹಾಗಾಯಿತು. ಪಾಯಸದ ಲೋಟ ಕೈಯಲ್ಲಿ ನಡುಗಿತು. ಗೋಡೆಗೂಡಿನ ಲೋಟಗಳು ಒಂದರ ಹಿಂದೊಂದು ಅಂಚಿನ ಕಡೆಗೆ ನಡೆಯತೊಡಗಿದವು. ನಾರಾಯಣಪ್ಪ ಮಾವ ಅತ್ತ ನೋಡದೆ, ಕೂತಲ್ಲಿಂದಲೇ ಕೈ ಎತ್ತಿ ಅವನ್ನು ಹಿಂದಕ್ಕೆ ತಳ್ಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಳ್ಳಿದ. ಹಸು ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿತು. ಬಚ್ಚಮ್ಮತ್ತೆ ಅಪ್ಪಯ್ಯನ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮಳೆ ನಿಲ್ಲುವುದನ್ನು ಕಾಯುವವಳ ಹಾಗೆ ಕೈಕಟ್ಟಿ ಕೂತಿದ್ದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ.

ಯಂತ್ರ ನಿಂತಿತು.

"...ನಮ್ಮ ಅಪ್ಪಯ್ಯ ರೇಡಿಯೋ ತಂದ ದಿನ ಊರೆಲ್ಲ ನಮ್ಮನೇಲೇ" ಎಂದು ಅವಳು ಬಿಟ್ಟಲ್ಲಿಂದ ಮುಂದುವರಿಸಿದಳು.

"ಅತ್ತೆ" ಅಂದೆ. "ಇದು ದಿನಾ ಇಂಗೇನಾ?"

"ಯಾವುದು? ಓ, ಅದಾ. ಇವತ್ತು ಬೇಗ ನಿಲ್ಲಿಸಿದ್ಲು ಸೊಣ್ಣಮ್ಮ. ನೀನಾದ್ರೆ ಇನ್ನೂ ಎಳೀತೀಯ."

"ಮತ್ತೆ ಇಷ್ಟು ವರ್ಷ ಹೇಳ್ಲಿಲ್ಲ ನೀನು?"

"ಹೇಳ್ದೆ. ಅತ್ತೆಗೆ ಮಾತು ಜಾಸ್ತಿ ಅಂತ ನೀನು ಕೋನಪ್ಪನ ಹತ್ರ ಅಂದಿದ್ದೂ ಕೇಳಿಸ್ತು. ಅದು ಯಂತ್ರದ್ದಲ್ವಲ್ಲ, ಆಡಿದ ಕಡೆಯಿಂದ್ಲೇ ಗೋಡೆ ದಾಟಿ ಬರ್ತದೆ."

ನಾನು ಎದ್ದು ನಿಂತೆ. ಲೋಟ ಕೆಳಗಿಟ್ಟೆ. ಹೊಸ್ತಿಲು ದಾಟಿ ಹೊರಗೆ ಬಂದು ನಿಂತೇ ಮಾತಾಡಿದೆ.

"ತೀರಿಲ್ಲ ಅತ್ತೆ."

"ಏನು?"

"ಒಂದು ಪ್ಲೇಟು ಹಾಡಿಗೆ ಇದು ತೀರಲ್ಲ. ನಾನು ಒಪ್ಪಲ್ಲ."

"ಹುಚ್ಚಾ ನಿಂಗೆ? ಬೀದಿ ಮುಂದೆ ಹೇಳಿದೀನಿ. ತೀರಿತು ಅಂದ್ರೆ ತೀರಿತು."

"ತೀರಿಲ್ಲ ಅಂದ್ರೆ ತೀರಿಲ್ಲ."

"ಲೋ, ತೀರಿಲ್ಲ ಅನ್ನೋ ಹಕ್ಕು ನಂದು! ಅದನ್ನ ನಿಂಗೆ ಯಾರ್ ಕೊಟ್ರು?" ಎಂದು ಬಚ್ಚಮ್ಮತ್ತೆ ನಿಜವಾಗಿ ಸಿಟ್ಟಾದಳು. ಇಷ್ಟು ವರ್ಷ ನಾನು ತೀರಿತು ಅನ್ನು ಅನ್ನುತ್ತಿದ್ದೆ, ಅವಳು ಒಲ್ಲೆ ಅನ್ನುತ್ತಿದ್ದಳು. ಈಗ ಅದೇ ಜಗಳವನ್ನು ಜಾಗ ಬದಲಾಯಿಸಿಕೊಂಡು ಆಡಿದೆವು. ಬೀದಿಯವರು ಸೇರಿದರು. ಕೇಳಿದವರು ತೀರಿತು ಅನ್ನಬೇಕು ಅಂತ ಉಂಟು, ಮಾಡಿದವನು ಒಲ್ಲೆ ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೋನಪ್ಪ ತೀರ್ಪು ಹೇಳಲು ಬಾಯಿ ತೆರೆದ. ನಾನು ಅವನಿಗೆ, "ನಿನ್ನ ಗ್ರೈಂಡರು ಹಾಕಿಬಿಟ್ಟು ನಮ್ಮನೇಲಿ ಒಂದ್ ಗಳಿಗೆ ಕೂತ್ಕೊ ಬಾ, ಆಮೇಲೆ ಮಾತಾಡು" ಅಂದೆ. ಅವನು ಬಾಯಿ ಮುಚ್ಚಿಕೊಂಡು ಮನೆಗೆ ಹೋದ. ಇವತ್ತಿಗೂ ಅವನು ನನ್ನ ಮನೆಯೊಳಗೆ ಬರುವುದಿಲ್ಲ, ಇಡ್ಲಿಯನ್ನು ಜಗುಲಿಯ ಮೇಲಿಟ್ಟು ಹೋಗುತ್ತಾನೆ.

ನೂಲಿನ ಯಂತ್ರಕ್ಕೆ ಮತ್ತೆ ಗೋಣಿ ಹೊದಿಸಿದೆ. ಸೊಪ್ಪಿನ ಯಂತ್ರದ ಪಟ್ಟಿ ಕಳಚಿ ಅಟ್ಟಕ್ಕೆ ಹಾಕಿದೆ. ಸೊಣ್ಣಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಎಂಟು ವ್ಯಾಟು ತಂದು ಇರೋ ಮೋಟರೂ ನಿಲ್ಲಿಸಿದ್ರಿ, ಭಲೇ ವ್ಯಾಪಾರ" ಅಂದು, ಮಣೆ ಎಳೆದುಕೊಂಡು ಕತ್ತಿ ಹಿಡಿದು ಕೂತಳು. ಈಗ ಇಬ್ಬರೂ ಎದುರುಬದುರು ಕೂತು ಕೈಯಲ್ಲೇ ಸೊಪ್ಪು ಕತ್ತರಿಸುತ್ತೇವೆ. ತೋಟಕ್ಕೆ ಕರೆಂಟು ಕಂಬ ಹಾಕಿಸಿಕೊಡಿ ಎಂದು ಅರ್ಜಿ ಕೊಟ್ಟಿದ್ದೇನೆ.

ಸಂಜೆ ಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಸೆಟ್ಟಿನ ಸ್ವಿಚ್ಚು ಹಾಕುತ್ತೇನೆ. ಎರಡು ವಾಲ್ವು ಕೆಂಪಾಗುತ್ತವೆ, ಪ್ಲೇಟು ತಿರುಗುತ್ತದೆ, ಬಚ್ಚಲಿಗೆ ಹೋಗಬೇಕಾದರೆ ಸ್ಪೀಕರು ಹತ್ತಿ ಇಳಿಯಬೇಕು. ನಮಗೆ ಕೇಳುವುದು ಹುಳುಗಳು ಸೊಪ್ಪು ತಿನ್ನುವ ಸರಸರ, ಕತ್ತಿಯ ಚಕಚಕ, ಮತ್ತು ಗೋಡೆಯಾಚೆ ಆ ಹಾಡಿಗೆ ಜೊತೆಗೂಡಿದ ಬಚ್ಚಮ್ಮತ್ತೆಯ ದನಿ. ಅದು ಯಂತ್ರದ್ದಲ್ಲವಾದ್ದರಿಂದ ಗೋಡೆ ದಾಟಿ ಬರುತ್ತದೆ. ಪ್ಲೇಟು ಮುಗಿದ ಕೂಡಲೇ ಅವಳು ಕೂಗುತ್ತಾಳೆ.

"ಪಿಳ್ಳಪ್ಪಾ, ತೀರಿತು ಕಣೋ! ಇನ್ನಾದ್ರೂ ಒಪ್ಕೊ!"

ನಾನು ಮಣೆಯ ಮೇಲಿನ ಸೊಪ್ಪು ಒತ್ತಟ್ಟಿಗೆ ಸರಿಸಿ, "ಇನ್ನೂ ಇಲ್ಲ ಅತ್ತೆ" ಅನ್ನುತ್ತೇನೆ. ಪ್ಲೇಟು ಮಗುಚಿ ಹಾಕುತ್ತೇನೆ.